ಕಾಗವಾಡದಾಗ ಒಂದ ಡಬ್ಬಿ ಸಮುದ್ರ

ಕೆಲವು ಮಂದಿ ಮನ್ಯಾಗ ವರ್ಷಕ್ಕೊಂದು ಫಜೀತಿ ಆಗತೈತಿ. ನಮ್ಮ ಮನ್ಯಾಗ ಹಂಗಿಲ್ಲ, ಒಂದು ಹೊರಗ ಹೋಗೂದ್ರಾಗ ಇನ್ನೊಂದು ಚಪ್ಪಲಿ ಬಿಡಾಕ ನಿಂತಿರತೈತಿ.

ಕಾಗವಾಡದಾಗ ನಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಕಬ್ಬಿನ ಹೊಲದ್ದು, ದ್ರಾಕ್ಷಿ ತ್ವಾಟದ್ದು ಸುಟ್ಟ ಮೋಟಾರ್ ಬಿಚ್ಚಿ ತಾಮ್ರದ ತಂತಿ ಸುತ್ತೂದು ನನ್ನ ಕಸಬು. ಹೋದ ವರ್ಷ ದವಡಿ ಹಲ್ಲು ತೆಗಸಾಕ ಅಂತ ಚಿಕ್ಕೋಡಿಗೆ ಹೋಗಿದ್ದೆ. ಅಲ್ಲಿ ಹಲ್ಲಿನ ಡಾಕ್ಟರ್ ಗಾಜಿನ ಡಬ್ಬ್ಯಾಗ ಎರಡು ಮೀನ ಇಟ್ಟಿದ್ದ. ಕೇಸರಿ ಮೈ, ಬಿಳಿ ಪಟ್ಟಿ. ನನ್ನ ಕಡೆ ನೋಡಿ ಮೈ ಅಲ್ಲಾಡಿಸಿದ್ವು. ದಿನಾ ಸುಟ್ಟ ವಾಸನಿ ಕುಡದ ಜೀವ ನಂದು, ಕರಗಿ ನೀರಾತು.

“ಇವು ಸಮುದ್ರದ ಮೀನ್ರಿ. ನಮ್ಮ ಕಡೆ ಇವನ್ನ ಬದುಕಸೂದು ಸಾಮಾನ್ಯರ ಕೆಲಸ ಅಲ್ಲ,” ಅಂದ ಡಾಕ್ಟರ್.

ನನಗ ಸಿಟ್ಟು ಮೂಗಿನ ತುದ್ಯಾಗ. ಸಾಮಾನ್ಯರು ಅಂದ್ರ ಯಾರು? ಬಾಯಾಗ ಹತ್ತಿ ತುರುಕಿತ್ತು, ಅದಕ ಸುಮ್ನ ಬಂದೆ. ಮರುವಾರ ಮಿರಜಿಗೆ ಹೋಗಿ ಎರಡು ಫೂಟಿನ ಗಾಜಿನ ಡಬ್ಬಿ ಟಂಟಂ ಗಾಡ್ಯಾಗ ಹಾಕ್ಕೊಂಡು ಬಂದೆ.

ಬಂದೆ ಖರೇ, ಮನ್ಯಾಗ ಅವ್ವ ಇದ್ದಾಳಲ್ಲ. ನಾವು ಜೈನ ಮಂದಿ. ಅವ್ವ ಹೊತ್ತ ಮುಳುಗಿದ ಮ್ಯಾಲ ಒಂದು ಅಗಳ ಮುಟ್ಟಂಗಿಲ್ಲ, ಇರಿವಿ ಸಾಲು ಕಂಡ್ರ ಸುತ್ತ ಹಾಕಿ ಹೋಗತಾಳ. ಡಬ್ಬಿ ನೋಡಿ ಸೊಂಟದ ಮ್ಯಾಲ ಕೈ ಇಟ್ಟಳು.

“ನಿನ್ನ ಶೋಕಿಗೆ ಇದರಾಗ ಒಂದು ಜೀವ ಹೋತು ಅಂದ್ರ, ಅವತ್ತ ಡಬ್ಬಿ ಹೊರಗ ಹೋಗಬೇಕು. ಡಬ್ಬಿ ಹೋಗಲಿಲ್ಲ ಅಂದ್ರ ನಾ ಹೋಗತೀನಿ, ಅಥಣಿಗೆ, ನಿಮ್ಮ ಅಕ್ಕನ ಮನಿಗೆ.”

ಅವ್ವ ಅಂದ್ಲು ಅಂದ್ರ ಅಂದಂಗ. ಮೂವತ್ತು ವರ್ಷದ ಹಿಂದ ಚಹಾ ಬಿಟ್ಟೆ ಅಂದಾಕಿ ಇವತ್ತಿಗೂ ಕಪ್ಪ ಮುಟ್ಟಿಲ್ಲ. ಎಪ್ಪತ್ತನಾಲ್ಕು ವಯಸ್ಸಿನಾಕಿ ಮೀನಿನ ಸಲುವಾಗಿ ಮನಿ ಬಿಟ್ಟಳು ಅಂದ್ರ ಊರಾಗ ನನ್ನ ಮಾರಿ ಉಳೀತೈತೇನ್ರಿ? ಹಂಗಾಗಿ ಮೀನ ಬರೂಕಿಂತ ಮೊದಲ ನಾ ಅಥಣಿ ಬಸ್ಸಿನ ಟೈಮ್ ಕೇಳಿ ಇಟ್ಟಗೊಂಡೆ.

೧. ನಾಕೂವರಿ

ಸಮುದ್ರದ ನೀರು ಅಂದ್ರ ಆರ್‌ಓ ನೀರಿಗೆ ಅದರದ ಬ್ಯಾರೆ ಉಪ್ಪಿನ ಪುಡಿ ಕಲಸೂದು. ಅಡಗಿ ಉಪ್ಪು ನಡ್ಯಂಗಿಲ್ಲ. ಕೊಡದಾಗ ನೀರು ಹಿಡಕೊಂಡು ಬಂದ್ರ ಅವ್ವ ಬಾಗಲದಾಗ ಅಡ್ಡ ನಿಂತಳು, ಕೈಯಾಗ ಬಿಳಿ ಸೋಸೂ ಬಟ್ಟಿ.

“ಸೋಸಲಾರದ ನೀರು ಈ ಮನ್ಯಾಗ ಯಾವ ಜೀವಕ್ಕೂ ಹಾಕಂಗಿಲ್ಲ.”

“ಅವ್ವ, ಮಶೀನ್ ಆರು ಸಲ ಸೋಸೈತಿ.”

“ಮಶೀನ್ ಸೋಸತೈತಿ. ಸಿಕ್ಕ ಜೀವಾನ ಹೊಳ್ಳಿ ಅದರ ನೀರಿಗೆ ಬಿಡತೈತೇನು?”

ಬಟ್ಟ್ಯಾಗ ಸಿಕ್ಕ ಕಣ್ಣಿಗೆ ಕಾಣಲಾರದ ಜೀವಾನ ಅದು ಎಲ್ಲಿಂದ ಬಂತೋ ಅಲ್ಲೇ ಬಿಡಬೇಕು, ನಮ್ಮ ಹಿರ್ಯಾರ ಪದ್ಧತಿ ಅದು. ಎಂಬತ್ತು ಲೀಟರ್ ನೀರು ಏಳನೇ ಸಲ ಸೋಸಿಸಿಕೊಂಡು ಡಬ್ಬಿಗೆ ಬಿತ್ತು.

ಉಪ್ಪು ಎಷ್ಟಾತು ಅಂತ ನೋಡೂ ಗಾಜಿನ ನಳಿಗಿ ಕೈ ಜಾರಿ ಒಡೀತು. ಆವಾಗ ನೆನಪಾದಾಂವ ನನ್ನ ದ್ರಾಕ್ಷಿ ಬೆಳ್ಯೂ ಗೆಳ್ಯಾ. ಅವನ ಕಡೆ ಬ್ರಿಕ್ಸ್ ಮೀಟರ್ ಐತಿ. ಸಣ್ಣ ದುರ್ಬೀನಿನಂಥಾದು, ಅದರ ಮ್ಯಾಲ ಹಣ್ಣಿನ ರಸ ಒಂದು ಹನಿ ಬಿಟ್ಟು ಬಿಸಿಲಿಗೆ ಹಿಡದ್ರ ಸಿಹಿ ಎಷ್ಟೈತಿ ತೋರಸತೈತಿ. ಉಪ್ಪಿನ ನೀರಿಗೂ ನಡೀತೈತಿ ಅಂತ ನಾ ಎಲ್ಲೋ ಓದಿದ್ದೆ. ಎಷ್ಟಿರಬೇಕು ಅನ್ನೂದನ್ನ ಮಾತ್ರ ಓದಿದ್ದಿಲ್ಲ.

ಗೆಳ್ಯಾ ಹನಿ ಬಿಟ್ಟು ಒಂದು ಕಣ್ಣು ಮುಚ್ಚಿದ. “ನಾಕೂವರಿ! ಏ, ಇದು ಇನ್ನ ಭಾಳ ಕಚ್ಚಾ ಐತೋ ಮಾರಾಯಾ. ಹದಿನೆಂಟು ಬರೂ ಮಟ ನಾ ಒಂದು ಗೊಂಚಲಕ್ಕ ಕತ್ತರಿ ಹಚ್ಚಂಗಿಲ್ಲ.”

ಅಂವ ಹೇಳೂ ದಿಮಾಕ ಹಂಗಿತ್ತು. ನಾನೂ ಹುಚ್ಚ, ಮತ್ತ ಉಪ್ಪು ಸುರುವಿದೆ. ಐದಾತು, ಏಳಾತು, ಒಂಬತ್ತಾತು. ಗೆಳ್ಯಾ “ಬರಾಕತ್ತೈತಿ, ಬರಾಕತ್ತೈತಿ!” ಅಂತ ಹುರುಪು ತುಂಬಾಕತ್ತಿದ್ದ. ಉಪ್ಪು ತೀರಿತು. ಇನ್ನೊಂದು ಚೀಲ ಬೇಕು ಅಂತ ಮಿರಜದ ಮೀನಿನ ಅಂಗಡಿಯಾಂವಗ ಫೋನ್ ಹಚ್ಚಿ ಎಲ್ಲಾ ವಿವರ ಹೇಳಿದೆ.

“ಸಾಹೇಬ, ಮಾಸೆ ಸೋಡಣಾರ್ ಕೀ ಲೋಣಚ ಘಾಲಣಾರ್?” ಅಂದ. ಮೀನ ಬಿಡಾವ್ರೋ, ಉಪ್ಪಿನಕಾಯಿ ಹಾಕಾವ್ರೋ ಅಂತ.

ನಾಕೂವರೀನ ಸಮುದ್ರದ ನೀರಿಗೆ ಬರೋಬ್ಬರಿ ಇತ್ತಂತ. ಅರ್ಧ ಡಬ್ಬಿ ಬಗ್ಗಿಸಿ ಹೊರಗ ಚೆಲ್ಲಿ ಮತ್ತ ನೀರು ತಂದೆ. ಅವ್ವ ಸೋಸೂ ಬಟ್ಟಿ ಹಿಡದು ಬಾಗಲದಾಗ ತಯಾರ ನಿಂತಿದ್ದಳು.

೨. ಕಲ್ಲಿನ ಹಿಂದ

ನೀರು ತಯಾರಾದ ಕೂಡ್ಲೇ ಮೀನ ಬಿಡಂಗಿಲ್ಲಂತ. ಮೊದಲ ನೀರಾಗ ಹೊಲಸು ತಿನ್ನೂ ಜೀವಾಣು ಬೆಳೀಬೇಕು, ಇಲ್ಲಾಂದ್ರ ಮೀನ ತಮ್ಮ ಹೊಲಸಿಗೆ ತಾವ ಸಾಯ್ತಾವ. “ಒಂದು ಹಸಿ ಸಿಗಡಿ ಹಾಕಿ ಕೊಳೀಲಿಕ್ಕೆ ಬಿಡ್ರಿ,” ಅಂದ ಮಿರಜದಾಂವ.

“ಮಾರಾಯಾ, ನಮ್ಮ ಮನ್ಯಾಗ ಉಳ್ಳಾಗಡ್ಡೀನ ಬರಂಗಿಲ್ಲ,” ಅಂದೆ.

ಹಂಗಾದ್ರ ಜೀವಾಣು ತುಂಬಿದ ಬಾಟ್ಲಿ ಒಯ್ರಿ, ದಿನಾ ಒಂದು ಚಿಟಿಕಿ ಮೀನಿನ ಆಹಾರ ಹಾಕ್ರಿ, ಐದು ವಾರ ಕಾಯ್ರಿ ಅಂದ. ಬಾಟ್ಲಿ ನೋಡಿ ಅವ್ವ ಕೇಳಿದಳು, “ಇದರಾಗ ಏನೈತಿ?”

“ಜೀವಾಣು, ಅವ್ವ.”

“ಎಷ್ಟದಾವ?”

“ಕೋಟಿಗಟ್ಟಲೆ.”

“ಅಯ್ಯ ನನ್ನ ದೇವರ... ಕೋಟಿ ಜೀವ ತಂದು ಬಾಟ್ಲ್ಯಾಗ ಇಟ್ಟಿಯಲ್ಲೋ! ಬಿಡು ಲಗೂನ. ಅವುಕ್ಕ ಊಟಾ ಯಾರು ಹಾಕವ್ರು?”

ಅವತ್ತಿನಿಂದ ದಿನಾ ಮುಂಜಾನೆ ಸ್ನಾನ ಆದ ಮ್ಯಾಲ ಅವ್ವ ಡಬ್ಬಿ ಮುಂದ ನಿಂತು ಒಂದು ಚಿಟಿಕಿ ಹಾಕೂದು, “ತಿನ್ರಿ, ತಿನ್ರಿ” ಅನ್ನೂದು. ಡಬ್ಬ್ಯಾಗ ನಾಕು ಕಲ್ಲು, ನೀರು ಬಿಟ್ರ ಏನೂ ಇಲ್ಲ. ಓಣ್ಯಾಗ ಸುದ್ದಿ ಹಬ್ಬಿತು. ಒಬ್ಬಾಕಿ ನನ್ನ ಹೆಂಡ್ತೀನ ಬಾಜೂಕ ಕರದು, “ಅತ್ತೀನ ಒಂದ್ಸಲ ಮಿರಜದ ದವಾಖಾನಿಗೆ ಕರಕೊಂಡು ಹೋಗಿ ತೋರಸ್ರಿ, ಖಾಲಿ ನೀರಿನ ಕೂಡ ಮಾತಾಡಾಕತ್ತಾರ,” ಅಂದಳಂತ.

ನಮ್ಮ ಬಾಜೂ ಮನಿ ಕಾಕು ಮಾತ್ರ ಅಂಥಾಕಿ ಅಲ್ಲ. ಆಕಿಗೆ ಯಾರ ಮನಸೂ ನೋಯಿಸಾಕ ಬರಂಗಿಲ್ಲ. ಹಿತ್ತಲ ಬಾಗಲದಿಂದ ಬಂದಾಕಿನ ಡಬ್ಬಿಗೆ ಮೂಗು ಹಚ್ಚಿ ನಿಂತಳು. ಅತ್ತ ನೋಡಿದಳು, ಇತ್ತ ನೋಡಿದಳು. ಆಮ್ಯಾಲ ಅಗದಿ ಖುಷಿಲೆ ಅಂದಳು:

“ಏ, ಐತಿ ಐತಿ! ಕಲ್ಲಿನ ಹಿಂದ ಐತಿ. ಭಾಳ ಛಂದ ಐತಿ ಬಿಡ್ರಿ!”

ಮೀನ ಬರಾಕ ಇನ್ನ ಮೂರು ವಾರ ಇತ್ತು.

೩. ನಿಪ್ಪಾಣಿ ಮಾಲಲ್ಲ

ಕಡೀಕ ಎರಡು ಮೀನ ಬಂದ್ವು. ಚಿಕ್ಕೋಡ್ಯಾಗ ಕಂಡಂಥಾವ. ಒಂದು ಸಣ್ಣದು. ದೊಡ್ಡದಕ್ಕ ಎಡಮಗ್ಗಲದ ಬಿಳಿ ಪಟ್ಟಿ ನಡುವ ಮುರದಿತ್ತು. ಅವ್ವ ಎರಡೂ ಮುಖ ನೋಡಿ, “ಪಾಪ, ಸಮುದ್ರದಷ್ಟ ದೊಡ್ಡ ಮನಿ ಬಿಟ್ಟು ಬಂದಾವ,” ಅಂದಳು. ಕಣ್ಣಾಗ ನೀರು ತಂದಳು. ಆಮ್ಯಾಲ, ಇಷ್ಟು ದಿನ ನಾ ಚಿಟಿಕಿ ತೆಗೆದು ಕೊಡತಿದ್ದ ಆಹಾರದ ಡಬ್ಬಿ ತಾನ ಕೈಯಾಗ ಹಿಡದು ಹಸಿರು ಚುಕ್ಕಿ ಹುಡಕಾಕ ಶುರು ಮಾಡಿದಳು. ಬಿಸ್ಕೀಟ್ ಪುಡಿಕಿ ಮ್ಯಾಲ ಶಾಕಾಹಾರಕ್ಕ ಇರತೈತಲ್ಲ, ಅದು.

ಇರಲಿಲ್ಲ. ನಾ ಮಿರಜದಾಂವಗ ಫೋನ್ ಮಾಡಿ ಶಾಕಾಹಾರಿ ಊಟಾ ಕೇಳಿದೆ. “ಸಾಹೇಬ, ಸಮುದ್ರಾತ್ ಪಾಲಕ್ ಪಿಕತ್ ನಾಹೀ,” ಅಂದ. ಸಮುದ್ರದಾಗ ಪಾಲಕ ಬೆಳ್ಯಂಗಿಲ್ರಿ ಅಂತ. ನನಗ ಸಿಟ್ಟು ಬಂತು, ಆದ್ರ ಮಾತು ಖರೇ ಇತ್ತು.

ಅವ್ವ ಒಂದು ದಿನ ವಿಚಾರ ಮಾಡಿ ತೀರ್ಪು ಕೊಟ್ಟಳು: “ಅವುದು ಅವುಕ್ಕ, ನಂದು ನನಗ. ಉಪಾಸ ಕೆಡವಿ ಕೊಂದ್ರ ಅದೂ ಪಾಪನ. ಆದ್ರ ಆ ಊಟದ ಡಬ್ಬಿ ನನ್ನ ಮನ್ಯಾಗ ಬ್ಯಾಡ.”

ಹಂಗಾಗಿ ಮೀನಿನ ಊಟಾ ನನ್ನ ಅಂಗಡ್ಯಾಗ ಉಳೀತು. ದಿನಾ ಎರಡು ಸಲ ಕಾಗದದಾಗ ಚಿಟಿಕಿ ಕಟಗೊಂಡು ಮನಿಗೆ ಹೋಗೂದು. ಒಂದಿನ ಊಟದ ಡಬ್ಬಿ ಮುಚ್ಚೂದು ಮರತು ಟೇಬಲ್ ಮ್ಯಾಲ ಬಿಟ್ಟು ಮೋಟಾರ್ ಬಿಚ್ಚಾಕತ್ತಿದ್ದೆ. ಕಂದು ಬಣ್ಣ, ಸಣ್ಣ ಸಣ್ಣ ಚೂರು. ನಿಪ್ಪಾಣಿ ಕಡೆಯ ಒಬ್ಬ ಅಜ್ಜ ಅಳಿಯನ ಮೋಟಾರ್ ಒಯ್ಯಾಕ ಬಂದಾಂವ, ಜನ್ಮಾ ಪೂರ್ತಿ ತಂಬಾಕದ ವಖಾರದಾಗ ದುಡದಾಂವ, ಸರ್ಕಾರೀ ಮಾಲು ಅನ್ನಂಗ ಕೈ ಹಾಕಿ ಅಂಗೈಯಾಗ ಸುಣ್ಣದ ಕೂಡ ತಿಕ್ಕಿ ದವಡ್ಯಾಗ ಇಟ್ಟಗೊಂಡ. ನಾ ನೋಡೂದ್ರಾಗ ಕೆಲಸ ಮುಗದಿತ್ತು. ಹೇಳಬೇಕೋ ಬ್ಯಾಡೋ ಗೊತ್ತಾಗವಲ್ದು.

ಅಜ್ಜ ಕಣ್ಣು ಮುಚ್ಚಿ ರುಚಿ ನೋಡಿದ. ಮಾರಿ ಗಂಭೀರ ಆತು.

“ಎಲ್ಲೀದಪಾ ಇದು? ನಿಪ್ಪಾಣಿ ಮಾಲಂತೂ ಅಲ್ಲ.”

“ಮುಂಬೈ ಕಡೀದ್ರಿ ಅಜ್ಜಾ,” ಅಂದೆ. ಸುಳ್ಳಲ್ಲ.

“ಖಾರ ಕಡಿಮಿ ಐತಿ,” ಅಂದು ಹೋದ. ಒಂದು ವಾರ ಆ ಕಡೆಯಿಂದ ಫೋನ್ ಬಂದ್ರ ನಾ ಎತ್ತತಿದ್ದಿಲ್ಲ. ಎಂಟನೇ ದಿನ ಅಳಿಯಾ ಬಂದ. ಮೋಟಾರ್ ಚಲೋ ನಡದೈತಿ ಅಂದ. ಮಾವನೂ ಚಲೋ ಇದ್ದಾರ ಅಂದ. ಆಮ್ಯಾಲ ಕಿಸೆದಿಂದ ಖಾಲಿ ತಂಬಾಕದ ಡಬ್ಬಿ ತೆಗೆದು ಟೇಬಲ್ ಮ್ಯಾಲ ಇಟ್ಟ.

“ಅದೇನೋ ಮುಂಬೈದು, ಜರಾ ಹಾಕಿ ಕೊಡಬೇಕಂತ.”

೪. ಬೆಣ್ಣಿ

ಡಬ್ಬಿ ಹಿಂದಿನ ಭಾಗದಾಗ ಕರೀ ಪ್ಲಾಸ್ಟಿಕ್ ಹಲಗಿ ನಿಲ್ಲಿಸಿ ಒಂದು ಸಣ್ಣ ಖೋಲಿ ಮಾಡಿರತಾರ. ಮ್ಯಾಲ ಹಣಿಗಿ ಹಲ್ಲಿನಂಥಾ ಸಂದಿ. ನೀರು ಆ ಹಣಿಗಿ ದಾಟಿ ಹಿಂದಿನ ಖೋಲಿಗೆ ಬಿದ್ದು, ಸೋಸಿ, ಪಂಪಿನಿಂದ ಹೊಳ್ಳಿ ಮುಂದ ಬರತೈತಿ. ಪಂಪ್ ನಿಂತ್ರ ನೀರಾಗ ಗಾಳಿ ಕಡಿಮಿ ಆಗಿ ಮೀನಿಗೆ ಉಸರಾಟ ಬಂದ್.

ಏಪ್ರಿಲ್‌ನಾಗ ಒಂದು ಮಧ್ಯಾಹ್ನ ಆಣಿಕಲ್ಲು ಮಳಿ ಬಿತ್ತು. ಲೈನ್ ಮ್ಯಾಲ ಬೇವಿನ ಗಿಡ ಉರುಳಿ ಕರೆಂಟ್ ಹೋತು. ಊರಿನವರ ಮೋಟಾರ್ ಎಲ್ಲಾ ನಡಸಾಂವ ನಾನು, ನನ್ನ ಮನ್ಯಾಗ ಇನ್ವರ್ಟರ್ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು. ಹೆಂಡ್ತಿ ಅದನ್ನ ಎರಡು ಸಲ ನೆನಪು ಮಾಡಿದಳು, ಬ್ಯಾಡ ಅಂದ್ರೂ. ಒಂದು ತಾಸಿನಾಗ ಮೀನ ಮ್ಯಾಲ ಬಂದು ಬಾಯಿ ತೆರೆಯಾಕ ಹತ್ತಿದ್ವು.

ಅವ್ವ ಅಡಗಿ ಮನಿಗೆ ಹೋದಾಕಿ ಮಜ್ಜಿಗಿ ಕಡಿಯೂ ಕಡಗೋಲು ತಂದಳು. ಸೆರಗು ಸಿಗಿಸಿ, “ಸರಿ ಬಾಜೂಕ” ಅಂದು ಡಬ್ಬ್ಯಾಗ ಇಳಿಬಿಟ್ಟು ಕಡ್ಯಾಕ ಶುರು. ಬರ್ರ್, ಬರ್ರ್, ಬರ್ರ್! ನೀರಾಗ ಗಾಳಿ ತುಂಬಿ ಮೀನ ಕೆಳಗಿಳಿದ್ವು. ಒಮ್ಮೆ ಕಟ್ ಅಂತ ಸಪ್ಪಳ ಆತು, ಕರೀ ಪ್ಲಾಸ್ಟಿಕ್ ಚೂರು ತೇಲಿತು. ಆ ಗದ್ದಲದಾಗ ಯಾರೂ ಲಕ್ಷ್ಯ ಕೊಡಲಿಲ್ಲ. ಅವ್ವ ದಣದ್ರ ಹೆಂಡ್ತಿ, ಹೆಂಡ್ತಿ ದಣದ್ರ ನಾನು. ಕರೆಂಟ್ ಬರೂ ಮಟ, ಮೂರು ತಾಸು.

ಕಡಗೋಲಿನ ಸಪ್ಪಳ ಕೇಳಿ ಬಾಜೂ ಮನಿ ಕಾಕು ತಂಬಿಗಿ ಹಿಡಕೊಂಡು ಹಿತ್ತಲ ಬಾಗಲದಿಂದ ಬಂದಳು, ಮಜ್ಜಿಗಿ ಕೇಳಾಕ. ಉಪ್ಪು ನೀರು ಕಡದು ಕಡದು ಮ್ಯಾಲ ಬಿಳಿ ಬುರುಗು ಎದ್ದಿತ್ತು. ನಮ್ಮ ಮೂರೂ ಮಂದಿ ಮೈಯಾಗ ಬೆವರು. ಕಾಕು ಒಳಗ ಹಣಿಕಿ ಹಾಕಿ ನಮಗ ಧೈರ್ಯ ಹೇಳಿದಳು:

“ನಿಲ್ಲಸಬ್ಯಾಡ್ರಿ, ಬೆಣ್ಣಿ ಏಳಾಕತ್ತೈತಿ!”

೫. ಕಾಗವಾಡ ಪದ್ಧತಿ

ಈ ಕತಿ ಸಣ್ಣದು. ಆರು ತಿಂಗಳಾದ ಮ್ಯಾಲ ಉಪ್ಪು ತರಾಕ ಮಿರಜಿಗೆ ಹೋದ್ರ ಅಂಗಡಿಯಾಂವಗ ಅಚ್ಚರಿ. “ಇನ್ನ ಬದುಕ್ಯಾವ? ಹೊಸಾಬ್ರು ಕಂಡಾಪಟಿ ತಿನಿಸಿ ಒಂದು ತಿಂಗಳದಾಗ ಕೊಲ್ಲತಾರ. ನೀವು ಏನು ಮಾಡತೀರಿ?” ಅಂತ ಮರಾಠ್ಯಾಗ ಕೇಳಿದ.

ನಾ ಏನು ಮಾಡತೀನಿ, ಎಲ್ಲಾ ಅವ್ವಂದು. ಹೊತ್ತ ಮುಳುಗಿದ ಮ್ಯಾಲ ಮೀನಿಗೂ ಊಟಿಲ್ಲ. ಅಷ್ಟಮಿ, ಚತುರ್ದಶಿಗೆ ಆಕಿ ಕೂಡ ಅವುಕ್ಕೂ ಉಪಾಸ. ಹೇಳಿದೆ. ಅಂವ ವಹಿ ತೆಗೆದು ಬರಕೊಂಡ. ಈಗ ಬಂದ ಗಿರಾಕಿಗೆಲ್ಲಾ ಹೇಳತಾನಂತ: “ಕಾಗವಾಡ ಪದ್ಧತಿ ಹಿಡೀರಿ. ಔಷಧ ಬೇಕಾಗಂಗಿಲ್ಲ, ಮನ್ಯಾಗ ಒಬ್ಬ ಆಯಿ ಇದ್ರ ಸಾಕು.”

೬. ಎರಡೂ ಕಾಣೂ ಮಟ

ಅವ್ವ ದಿನಾ ಮುಂಜಾನೆ ಮೀನ ಎಣಸತಾಳ. ಎರಡ ಇದ್ರೂ ಎಣಸತಾಳ. ಹೋದ ತಿಂಗಳ ಒಂದಿನ ಎಣಿಸಿದಳು, ಒಂದು. ಮತ್ತ ಎಣಿಸಿದಳು, ಒಂದು. ಪಟ್ಟಿ ಮುರದಾಂವ ಇಲ್ಲ.

“ಕಲ್ಲಿನ ಹಿಂದ ಇರಬೇಕು ಅವ್ವ,” ಅಂದೆ. ನನ್ನ ದನಿ ನನಗ ಸುಳ್ಳು ಅನಿಸ್ತು.

ಅವ್ವ ಚಾಪಿ ಹಾಕಿ ಡಬ್ಬಿ ಮುಂದ ಕುಂತಳು. “ಎರಡೂ ಕಣ್ಣಿಗೆ ಕಾಣೂ ಮಟ ನಾ ಅನ್ನ ಮುಟ್ಟಂಗಿಲ್ಲ.”

ನೇಮ ಹಿಡದ್ರ ಮುಗೀತು, ಬ್ರಹ್ಮದೇವ ಬಂದ್ರೂ ಬಿಡಾಕಿ ಅಲ್ಲ. ಬಿ.ಪಿ. ಗುಳಿಗಿ ತಗೋಬೇಕು ಅಂದ್ರ ಹೊಟ್ಟ್ಯಾಗ ಏನರೆ ಇರಬೇಕು. ಹೊತ್ತ ಮುಳುಗೂದ್ರಾಗ ಮೀನ ಸಿಗಲಿಲ್ಲಂದ್ರ ಮರುದಿನದ ಮಟ ಹಂಗ ಕುಂಡ್ರಾಕಿ. ಮೀನ ಸತ್ತಿತ್ತು ಅಂದ್ರ ಅಥಣಿ ಬಸ್ಸು. ಅಡಗಿ ಮನಿ ಕ್ಯಾಲೆಂಡರ್‌ನಾಗ ನೋಡಿದೆ, ಸೂರ್ಯಾಸ್ತ ಆರೂ ಹತ್ತಕ್ಕ.

“ಮೀನ ಇನ್ನೊಂದು ತರಬಹುದು, ಅತ್ತೀನ ಎಲ್ಲಿಂದ ತರತೀರಿ?” ಅಂತ ಹೆಂಡ್ತಿ ನನ್ನ ಮ್ಯಾಲ ಹರಿಹಾಯ್ದಳು. ಅಂಗಡಿ ಬಂದ್ ಮಾಡಿದೆ. ಹಾರಿ ಹೊರಗ ಬಿದ್ದೈತೇನು ಅಂತ ಸೋಫಾ ಎತ್ತಿದೆ, ಕಪಾಟು ಸರಿಸಿದೆ, ಜಾಡೂ ಹಾಕಿ ಹುಡಕಿದೆ. ಅಂಗಳದಾಗ ಬೆಕ್ಕು ಮೀಸಿ ನೆಕ್ಕೋತ ಕುಂತಿತ್ತು. ಅದಕ್ಕ ನಾ ಬೈದ ಬೈಗಳ ಇಲ್ಲಿ ಬರ್ಯಾಕ ಬರಂಗಿಲ್ಲ. ಪಾಪ, ಅದು ಬರೇ ಹಾಲು ಕುಡದಿತ್ತು.

ಮೀನ ಊಟದ ಆಶಾಕ್ಕರೆ ಹೊರಗ ಬರಲಿ ಅಂತ ನಾ ಅಂಗಡಿಯಿಂದ ಪುಡಿಕಿ ತಂದು ಒಂದು ಚಿಟಿಕಿ ಹಾಕಿದೆ. ನನ್ನ ಕಣ್ಣು ತಪ್ಪಿಸಿ ಹೆಂಡ್ತಿ ಒಂದು ಹಾಕಿದಳು. ಸುದ್ದಿ ಕೇಳಿ ಬಂದ ದ್ರಾಕ್ಷಿ ಗೆಳ್ಯಾ ಎರಡು ಹಾಕಿದ. ಬರಲಿಲ್ಲ. ಹಾಕಿದ್ದೆಲ್ಲಾ ಎಲ್ಲಿ ಹೋಗಾಕತ್ತೈತಿ ಅಂತ ಒಬ್ಬರಿಗೂ ಹೊಳೀಲಿಲ್ಲ.

ಹಿತ್ತಲ ಬಾಗಲದಿಂದ ಕಾಕು ಬಂದಳು. ಡಬ್ಬಿ ಹಿಂದ ಸ್ಟೂಲ್ ಮ್ಯಾಲ ಕುಂತಾಕಿನ, “ಐತಿ ಐತಿ, ಹಿಂದ ಐತಿ. ಭಾಳ ಛಂದ ಐತಿ,” ಅಂದಳು.

ಖಾಲಿ ಡಬ್ಬ್ಯಾಗ ಮೀನ ಕಂಡಾಕಿ! “ಕಾಕು, ಕೈ ಮುಗೀತೀನಿ, ಮನಿಗೆ ಹೋಗ್ರಿ,” ಅಂದೆ. ಮಧ್ಯಾಹ್ನ ಮತ್ತ ಬಂದಳು, ಮತ್ತ ಅದನ ಅಂದಳು. ಮತ್ತ ಕಳಿಸಿದೆ. ನನ್ನ ಲಕ್ಷ್ಯ ಎಲ್ಲಾ ಮಿರಜದ ಕಡೆ ಇತ್ತು. ಅಂಥಾದ ಇನ್ನೊಂದು ಮೀನ ತಂದು ಬಿಟ್ರ ಅವ್ವಗ ಗೊತ್ತಾಗತೈತೇನು? ಚಪ್ಪಲಿ ಹಾಕ್ಕೊಂಡೆ. ಅವ್ವ ಹೊಳ್ಳಿ ಸುದ್ದಾ ನೋಡಲಿಲ್ಲ.

“ಎಡಮಗ್ಗಲದ ಪಟ್ಟಿ ಮುರದಿರಬೇಕು, ನೆನಪಿರಲಿ.”

ಚಪ್ಪಲಿ ಬಿಚ್ಚಿದೆ. ಬಾಯಿ ಬಿಟ್ಟು ಅಳೂದೊಂದು ಬಾಕಿ ಇತ್ತು.

ಐದೂ ಮುಕ್ಕಾಲಾತು. ಅವ್ವನ ತುಟಿ ಒಣಗಿದ್ವು. ಕಾಕು ಮೂರನೇ ಸಲ ಬಂದಳು. ಈ ಸಲ ಆಕೀಗೂ ಸಿಟ್ಟು ಬಂದಿತ್ತು. ಯಾರ ಮನಸೂ ನೋಯಿಸಲಾರದಾಕಿ ನನ್ನ ಅಂಗಿ ತೋಳು ಹಿಡದು ಡಬ್ಬಿ ಹಿಂದ ಎಳಕೊಂಡು ಹೋದಳು. “ಮುಂಜಾನಿಂದ ಬಡಕೊಳ್ಳಾಕತ್ತೀನಿ, ನಿನಗ ಕಣ್ಣಿಲ್ಲೇನ ಭಾಡ್ಯಾ?”

ಹಿಂದಿನ ಖೋಲಿ ಗಾಜಿನಾಗಿಂದ ಪಟ್ಟಿ ಮುರದಾಂವ ನನ್ನ ನೋಡಾಕತ್ತಿದ್ದ.

ಮಳಿ ದಿನ ಕಡಗೋಲು ಬಡದು ಕಟ್ ಅಂದದ್ದು ಆ ಹಣಿಗೀದ ಒಂದು ಹಲ್ಲು. ಆ ಸಂದ್ಯಾಗ ತೂರಿ ಹಿಂದ ಬಿದ್ದಾನ, ಹೊಳ್ಳಿ ಬರಾಕ ದಾರಿ ಗೊತ್ತಿಲ್ಲ. ದಿನಾ ಮಂದಿ ಮೋಟಾರ್ ಬಿಚ್ಚಿ ಒಳಗ ನೋಡಾಂವ ನಾನು, ಮನಿ ಡಬ್ಬಿ ಮುಚ್ಚಳ ತೆಗೆದು ನೋಡಿದ್ದಿಲ್ಲ. ನಾ ಮೊದಲ ಕಾಕೂನ ಕಾಲಿಗೆ ಬಿದ್ದೆ.

ಮೀನ ಹಿಡಿಯೂ ಜಾಳಗಿ ಆ ಇಕ್ಕಟ್ಟಿನಾಗ ಇಳೀಲಿಲ್ಲ. ಅವ್ವ ಎದ್ದು ಬಂದಳು, ಸೋಸೂ ಬಟ್ಟಿ ಇಳಿಬಿಟ್ಟಳು, ನಿಧಾನ ಮ್ಯಾಲ ಎತ್ತಿದಳು. ಬಟ್ಟ್ಯಾಗ ಸಿಕ್ಕ ಜೀವಾನ ಅದರ ನೀರಿಗೇ ಹೊಳ್ಳಿ ಬಿಟ್ಟಳು. ಮಾರಿ ಅರಳಿತ್ತು. “ಎರಡು,” ಅಂತ ಎಣಿಸಿದಳು. ನನಗ ಹೋದ ಜೀವ ಬಂದಂಗಾತು. ಅಥಣಿ ಬಸ್ಸು ನನ್ನ ಕಣ್ಣ ಮುಂದಿಂದ ಹೋತು, ಖಾಲಿ.

ಆರಾಗಾಕ ಐದು ನಿಮಿಷ ಇತ್ತು. ಹೆಂಡ್ತಿ ತಾಟು ಬಡಿಸಿಕೊಂಡು ಓಡಿ ಬಂದಳು. “ತಡಿ, ಮೊದಲ ಅವುಕ್ಕ ಹಾಕು,” ಅಂದಳು ಅವ್ವ. “ಮುಂಜಾನಿಂದ ಉಪಾಸ ಅದಾನ ಪಾಪ, ಹೊತ್ತ ಮುಳುಗತೈತಿ.”

ಹಾಕಿದೆ. ಸಣ್ಣದು ಬಾಣದಂಗ ಹಾರಿ ಬಂದು ಗಬಗಬ ತಿಂತು. ಪಟ್ಟಿ ಮುರದಾಂವ ಮುಖಾ ಎತ್ತಲಿಲ್ಲ. ನಾ ಬಗ್ಗಿ ನೋಡಿದೆ. ಹೊಟ್ಟಿ ಕುಂಬಳಕಾಯಿ ಆಗಿತ್ತು. ಮುಂಜಾನಿಂದ ನಾವೆಲ್ಲಾ ಹಾಕಿದ ಊಟಾ ನೀರಿನ ಕೂಡ ತೇಲಿ ಹಣಿಗಿ ದಾಟಿ ಹಿಂದಿನ ಖೋಲಿಗೇ ಹೋಗಿತ್ತು. ನಂದು, ಹೆಂಡ್ತೀದು, ಗೆಳ್ಯಾಂದು, ಎಲ್ಲಾ ಅವನೊಬ್ಬನ ಹೊಡದಿದ್ದ.

ಅವ್ವ ಕಣ್ಣು ಸಣ್ಣ ಮಾಡಿ ಬರೋಬ್ಬರಿ ಒಂದು ನಿಮಿಷ ಅವನ್ನ ನೋಡಿದಳು. ಆಮ್ಯಾಲ ತಾಟು ಮುಂದ ಎಳಕೊಂಡು ರೊಟ್ಟಿ ಮುರದಳು.

“ಡಬ್ಬಿ ಇರಲಿ,” ಅಂದಳು. “ಇವತ್ತ ಇವನ ಸಲುವಾಗಿ ನಾ ಉಪಾಸ ಮಾಡೀನಿ. ನಾಳಿ ನನ್ನ ಸಲುವಾಗಿ ಇವ ಮಾಡಲಿ.”